ನಮ್ಮ ಕ್ಲಬ್ಬಿಗೆ ಎರಡನೆಯ ತಂಡ ಬೇಕೇ? ಸಮಿತಿ ಸಭೆಗೆ ಮುಂಚೆ ಸಲಹೆ ಕೊಡಿ

ಕೌಲ್ ಬಜಾರ್ ಕಾರ್ಯದರ್ಶಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಒಂದು ಚಿಕ್ಕ ಫುಟ್‌ಬಾಲ್ ಕ್ಲಬ್ಬಿಗೆ ನಾನು ಕಾರ್ಯದರ್ಶಿ. ಹೆಸರು ದೊಡ್ಡದು. ಕೆಲಸ ಮಾತ್ರ ಚೆಂಡಿಗೆ ಗಾಳಿ ಹಾಕಿಸುವುದು, ಗೆರೆ ಎಳೆಯಲು ಸುಣ್ಣ ತರುವುದು, ಟೂರ್ನಿಯ ಪ್ರವೇಶ ಶುಲ್ಕಕ್ಕಾಗಿ ಅಂಗಡಿ ಅಂಗಡಿ ಅಲೆಯುವುದು. ಸೋತ ದಿನ ಬೈಸಿಕೊಳ್ಳುವುದೂ ಅದರಲ್ಲೇ ಸೇರಿದೆ. ಹೊಟ್ಟೆಪಾಡಿಗೆ ಜೀನ್ಸ್ ಘಟಕವೊಂದರಲ್ಲಿ ಲೆಕ್ಕ ಬರೆಯುತ್ತೇನೆ.

ಕ್ಲಬ್ಬಿನಲ್ಲಿ ಈಗ ಮೂವತ್ತಕ್ಕೂ ಹೆಚ್ಚು ಹುಡುಗರಿದ್ದಾರೆ. ಆಡುವವರು ಹನ್ನೊಂದು ಮಂದಿ, ಬೆಂಚಿನಲ್ಲಿ ಏಳು. ಮಿಕ್ಕವರು ಸಂಜೆ ಬಂದು ಮೈದಾನ ಸುತ್ತಿ, ಬಣ್ಣಗೆಟ್ಟ ಬಿಬ್ ತೊಟ್ಟು ಮೊದಲ ತಂಡದ ಎದುರು ಅಭ್ಯಾಸದ ಆಟ ಆಡಿ ಮನೆಗೆ ಹೋಗುತ್ತಾರೆ. ಪಂದ್ಯದ ದಿನ ಅವರು ಬರೀ ಪ್ರೇಕ್ಷಕರು. ಇವರಿಗಾಗಿ ಕ್ಲಬ್ಬಿನ ಹೆಸರಿನಲ್ಲೇ ಎರಡನೆಯ ತಂಡ ಕಟ್ಟಿ ಟೂರ್ನಿಗಳಿಗೆ ಕಳಿಸೋಣ ಎಂದು ನಮ್ಮ ಅಧ್ಯಕ್ಷರು ಹಟ ಹಿಡಿದಿದ್ದಾರೆ. ಖಜಾಂಚಿಯವರದು ಒಂದೇ ಮಾತು: "ಒಂದು ತಂಡಕ್ಕೆ ಕ್ರೂಸರ್ ಬಾಡಿಗೆ ಕೊಡುವಷ್ಟರಲ್ಲಿ ಕೈ ಖಾಲಿಯಾಗುತ್ತಿದೆ. ಇನ್ನೊಂದಕ್ಕೆ ನಿಮ್ಮ ಮನೆಯಿಂದ ತರುತ್ತೀರಾ?"

ನನ್ನ ಒಲವು ಅಧ್ಯಕ್ಷರ ಕಡೆಗೇ ಇದೆ, ಆದರೆ ಕಾರಣ ಬೇರೆ. ಅವರಿಗೆ ಈ ಹುಡುಗರಲ್ಲಿ ನಾಳಿನ ಸುನಿಲ್ ಛೆಟ್ರಿ ಕಾಣುತ್ತಾನೆ. ನನಗೆ ಕಾಣುವುದು ಹಬ್ಬದ ಆರ್ಡರ್. ಮೊದಲ ತಂಡದ ಅರ್ಧಕ್ಕರ್ಧ ಹುಡುಗರು ಜೀನ್ಸ್ ಹೊಲಿಯುವವರು, ಇಲ್ಲವೇ ವಾಷಿಂಗ್ ಘಟಕದಲ್ಲಿ ದುಡಿಯುವವರು. ಹೊಲಿಗೆಗೆ ಕೂಲಿ ಪೀಸಿನ ಲೆಕ್ಕದಲ್ಲಿ. ದಸರಾ, ದೀಪಾವಳಿ ಹತ್ತಿರ ಬಂದಾಗ, ರಂಜಾನಿಗೆ ಮುಂಚೆ ಕೂಡ, ತಡರಾತ್ರಿಯವರೆಗೆ ಮಶೀನು ನಿಲ್ಲುವುದಿಲ್ಲ. ಆಗ ಎದ್ದು ಪಂದ್ಯಕ್ಕೆ ಬಾ ಎಂದು ಯಾವ ಬಾಯಿಂದ ಹೇಳಲಿ? ಆ ಹುಡುಗನ ಕೂಲಿಯ ಲೆಕ್ಕ ಬರೆಯುವವನೂ ನಾನೇ.

ರೆಫರಿಗೆ ಕೊಡುವ ಪಟ್ಟಿಯಲ್ಲಿ ಹನ್ನೊಂದು ಹೆಸರುಗಳನ್ನು ಪೆನ್ನಿನಲ್ಲಿ, ಬೆಂಚಿನವರ ಹೆಸರುಗಳನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟುಕೊಳ್ಳುವುದು ನನ್ನ ರೂಢಿ. ಹೋದ ದೀಪಾವಳಿಯ ಹೊತ್ತಿಗೆ ಎಲ್ಲವೂ ಪೆನ್ಸಿಲ್ಲಿನಲ್ಲೇ ಇತ್ತು. ಆ ಟೂರ್ನಿಗೆ ನಾವು ಹೆಸರು ಕೊಟ್ಟಿದ್ದು ಹದಿನೆಂಟು ಮಂದಿಯದು ಮಾತ್ರ. ಅವರಲ್ಲಿ ಮೈದಾನಕ್ಕೆ ಬಂದವರು ಒಂಬತ್ತು. ಗೆರೆಯಾಚೆ ಷೂ ಕಟ್ಟಿಕೊಂಡು ನಮ್ಮದೇ ಹುಡುಗರು ನಿಂತಿದ್ದಾರೆ, ಪಟ್ಟಿಯಲ್ಲಿ ಹೆಸರಿಲ್ಲ, ಆಡಿಸುವಂತಿಲ್ಲ. ಒಂದು ಕಡೆ ಏಳು ಮಂದಿ ಇದ್ದರೂ ಪಂದ್ಯ ಶುರುಮಾಡಬಹುದು ಎನ್ನುವ ನಿಯಮ ಅಂದು ನಮ್ಮ ಮಾನ ಉಳಿಸಿತು, ಗೋಲು ಉಳಿಸಲಿಲ್ಲ.

ಹೊರದೇಶದ ಕ್ಲಬ್ಬುಗಳನ್ನು ನೋಡಿ ಕಲಿಯೋಣವೆಂದರೆ ಅಲ್ಲಿ ಎರಡೂ ಕಡೆಗೆ ಸಾಕ್ಷಿ ಸಿಗುತ್ತದೆ. ಲಂಡನ್ನಿನ ಬ್ರೆಂಟ್‌ಫರ್ಡ್ 2016ರಲ್ಲಿ ತನ್ನ ಅಕಾಡೆಮಿಯನ್ನೇ ಮುಚ್ಚಿತು. ಕಷ್ಟಪಟ್ಟು ಬೆಳೆಸಿದ ಹುಡುಗರನ್ನು ಹದಿನಾರು ತುಂಬುವಷ್ಟರಲ್ಲಿ ದೊಡ್ಡ ಕ್ಲಬ್ಬುಗಳು ಪುಡಿಗಾಸಿಗೆ ಎಬ್ಬಿಸಿಕೊಂಡು ಹೋಗುತ್ತಿದ್ದವು. ಅದರ ಬದಲು, ಬೇರೆ ಕ್ಲಬ್ಬುಗಳು ಕೈಬಿಟ್ಟ ಹುಡುಗರನ್ನೂ ಕೂಡಿಸಿಕೊಂಡು ಬಿ ತಂಡ ಕಟ್ಟಿತು. ಆ ತಂಡ ಲೀಗಿನ ಹಂಗಿಲ್ಲದೆ ತಾನೇ ಎದುರಾಳಿಗಳನ್ನು ಹುಡುಕಿಕೊಂಡು ಸ್ನೇಹಪಂದ್ಯ ಆಡಿತು. 2021ರಲ್ಲಿ ಬ್ರೆಂಟ್‌ಫರ್ಡ್ ಪ್ರೀಮಿಯರ್ ಲೀಗಿಗೆ ಏರಿತು. ಜರ್ಮನಿಯ ಬಾಯರ್ ಲೆವರ್ಕುಸೆನ್ ಇದಕ್ಕೆ ತದ್ವಿರುದ್ಧ. ಎರಡನೆಯ ತಂಡ ಇರಲೇಬೇಕೆಂಬ ಕಟ್ಟಳೆ ಅಲ್ಲಿ 2014ರಲ್ಲಿ ಹೋದ ಕೂಡಲೇ ತನ್ನದನ್ನು ವಿಸರ್ಜಿಸಿತು. 2024ರಲ್ಲಿ ಲೀಗಿನ ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆಯಿತು. ಕಟ್ಟಿದವರೂ ಮೇಲೆ ಬಂದರು, ಮುಚ್ಚಿದವರೂ ಮೇಲೆ ಬಂದರು. ನಮ್ಮ ಖಜಾಂಚಿಯವರಿಗೆ ಎರಡನೆಯ ಕಥೆ ಮಾತ್ರ ಕಿವಿಗೆ ಬೀಳುತ್ತದೆ.

ಕ್ಲಬ್ ನಡೆಸಿದವರು, ಎರಡನೆಯ ತಂಡದಲ್ಲಿ ಆಡಿದವರು ಯಾರಾದರೂ ಇದ್ದರೆ ಹೇಳಿ. ಭಾನುವಾರ ಸಭೆ ಇದೆ.


ಹಳೆಯ ಸೀಟಿ, ಹಟ್ಟಿ

ಕಾರ್ಯದರ್ಶಿಗಳೇ, ನಿಮ್ಮ ಪತ್ರದಲ್ಲಿ ಹುಡುಗರ ಎಣಿಕೆ ಇದೆ, ಪಂದ್ಯಗಳ ಎಣಿಕೆ ಇಲ್ಲ. ಮೊದಲು ಅದನ್ನು ಹೇಳಿ. ಎರಡನೆಯ ತಂಡ ಕಟ್ಟಿದರೆ ವರ್ಷದಲ್ಲಿ ಅದಕ್ಕೆ ಎಷ್ಟು ಪಂದ್ಯ ಸಿಗುತ್ತದೆ? ಎರಡು ಟೂರ್ನಿಗೆ ಹೋಗಿ ಎರಡರಲ್ಲೂ ಮೊದಲ ಸುತ್ತಿಗೇ ಸೋತು ಬಂದರೆ ಲೆಕ್ಕ ಅಲ್ಲಿಗೆ ಮುಗಿಯಿತು. ಅದಕ್ಕಾಗಿ ಜೆರ್ಸಿ ಹೊಲಿಸಿ, ನಾಯಕನನ್ನು ಆರಿಸಿ, ಫೋಟೊ ತೆಗೆಸಿ ಯಾಕೆ ಕುಣಿಯಬೇಕು?

ನಾನು ಗಣಿ ಊರಿನಲ್ಲಿ ಆಡಿದವನು, ಮೊಣಕಾಲು ಹೋದ ಮೇಲೆ ಸೀಟಿ ಹಿಡಿದವನು. ನಮ್ಮಲ್ಲಿ ತಂಡ ಆರಿಸುತ್ತಿದ್ದದ್ದು ಪಾಳಿಯ ಪಟ್ಟಿ. ಬೆಳಗಿನ ಪಾಳಿಯವರು ಸಂಜೆಗೆ ಸಿಗುತ್ತಿದ್ದರು, ಮಧ್ಯಾಹ್ನದ ಪಾಳಿಯವರು ಸಿಗುತ್ತಿರಲಿಲ್ಲ, ರಾತ್ರಿ ಪಾಳಿಯವರು ಬಂದರೂ ಅರೆನಿದ್ದೆಯಲ್ಲಿ ಬರುತ್ತಿದ್ದರು. ಪಾಳಿ ಬದಲಾದಾಗ ತಂಡವೂ ಬದಲು. ಹೀಗಾಗಿ ಎರಡು ತಂಡಗಳಿದ್ದವು, ಆದರೆ ಮೇಲಿನದು ಕೆಳಗಿನದು ಎಂಬುದಿರಲಿಲ್ಲ. ಎರಡೂ ಸರಿಸಾಟಿ. ಎರಡರ ನಡುವಿನ ಪಂದ್ಯಕ್ಕೆ ಇಡೀ ಕಾಲೊನಿ ಬಂದು ಕೂರುತ್ತಿತ್ತು. ಆಮೇಲೆ ಒಬ್ಬ ಮಹಾಶಯರು ಬಂದು, ಒಳ್ಳೆಯವರನ್ನೆಲ್ಲ ಒಂದರಲ್ಲಿ ಹಾಕಿ ಮಿಕ್ಕವರಿಗೆ ರಿಸರ್ವ್ ಎಂದು ಹೆಸರಿಟ್ಟರು. ಒಂದು ಮಳೆಗಾಲ ಕಳೆಯುವುದರೊಳಗೆ ರಿಸರ್ವಿನವರು ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಹೋದರು. ಅವರನ್ನು ದೂರುವುದಿಲ್ಲ. ಅಲ್ಲಿ ಬ್ಯಾಟು ಕೈಗೆ ಬರುತ್ತಿತ್ತು.

ಎರಡನೆಯ ಮಾತು. ನಿಮ್ಮ ಎರಡು ತಂಡಗಳೂ ಒಂದೇ ಟೂರ್ನಿಗೆ ಹೋದವು ಎಂದುಕೊಳ್ಳಿ, ಎದುರುಬದುರಾದವು ಎಂದುಕೊಳ್ಳಿ. ಅಂಥ ಒಂದು ಸೆಮಿಫೈನಲ್ಲಿಗೆ ನಾನೇ ರೆಫರಿ. ಎರಡನೆಯ ತಂಡದಲ್ಲಿ ಒಬ್ಬ ಸ್ಟಾಪರ್ ಇದ್ದ, ಎದುರಾಳಿಯನ್ನು ಗೋಲಿನ ಮುಂದೆ ತಡೆಯುವವನು. ಟೂರ್ನಿಯುದ್ದಕ್ಕೂ ಕಂಡಕಂಡವರ ಮೊಣಕಾಲಿಗೆ ಒದ್ದು ನನ್ನಿಂದ ಹಳದಿ ಕಾರ್ಡು ತಿಂದ ಆಸಾಮಿ. ಅಂದು ಮೊದಲ ತಂಡದ ಫಾರ್ವರ್ಡ್ ಚೆಂಡು ತಂದಾಗ ಮದುವೆ ಮನೆಯಲ್ಲಿ ಹಿರಿಯರಿಗೆ ದಾರಿ ಬಿಡುವಂತೆ ಪಕ್ಕಕ್ಕೆ ಸರಿದ. ಜನ ಕೂಗಾಡಿದರು, ಮಂಡಕ್ಕಿ ಪೊಟ್ಟಣ ತೂರಿದರು, ಆಯೋಜಕರು ನನ್ನ ಮುಖ ನೋಡಿದರು. ನಾನೇನು ಮಾಡಲಿ? ಒದೆಯದಿದ್ದುದಕ್ಕೆ ಕಾರ್ಡು ತೋರಿಸುವ ನಿಯಮ ಇಲ್ಲ.

ಸ್ಪೇನಿನಲ್ಲಿ ಕ್ಲಬ್ಬಿನ ಬಿ ತಂಡ ಮುಖ್ಯ ತಂಡ ಇರುವ ಡಿವಿಜನ್ನಿಗೆ, ಅಂದರೆ ಲೀಗಿನ ಅದೇ ದರ್ಜೆಗೆ, ಬರುವಂತಿಲ್ಲ. ಕಪ್ಪಿನಲ್ಲಿ ಮಾತ್ರ ಹಿಂದೆ ತಡೆ ಇರಲಿಲ್ಲ. 1980ರ ಕೋಪಾ ಡೆಲ್ ರೇ ಫೈನಲ್ಲಿನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು ನಿಂತದ್ದು ಅದರದೇ ಎರಡನೆಯ ತಂಡ ಕಾಸ್ಟಿಯಾ. ದೊಡ್ಡವರು 6-1ರಿಂದ ಗೆದ್ದರು. ಮುಂದೆ ಎರಡನೆಯ ತಂಡಗಳಿಗೆ ಆ ಕಪ್ಪಿನ ಬಾಗಿಲೇ ಮುಚ್ಚಿತು. ಅಷ್ಟು ದೊಡ್ಡವರಿಗೇ ಕಟ್ಟಳೆ ಬೇಕಾಯಿತು ಎಂದಮೇಲೆ ನಿಮ್ಮ ಸಮಿತಿ ಮುಂಚಿತವಾಗಿಯೇ ಬರೆದಿಟ್ಟುಕೊಳ್ಳಲಿ: ಒಂದು ಟೂರ್ನಿ, ಒಂದು ತಂಡ.

ಹಾಗೆಯೇ ಬೆಂಚನ್ನು ಪೂರ್ತಿ ಬಳಸಿ. ಮೊದಲು ಮೂರು ಬದಲಾವಣೆ ಇತ್ತು, 2022ರಿಂದ ಆಟದ ನಿಯಮದಲ್ಲೇ ಐದಕ್ಕೆ ಅವಕಾಶವಿದೆ. ತಳಮಟ್ಟದ ಆಟಕ್ಕೆ ರಾಷ್ಟ್ರೀಯ ಸಂಸ್ಥೆ ಒಪ್ಪಿದ್ದರೆ ಹೊರಗೆ ಹೋದವನು ಮತ್ತೆ ಒಳಗೆ ಬರಲೂ ಬಹುದು. ಸ್ನೇಹಪಂದ್ಯಗಳಲ್ಲಂತೂ ಎದುರು ತಂಡದೊಂದಿಗೆ ಮಾತಾಡಿಕೊಂಡು ಹದಿನೆಂಟೂ ಮಂದಿಯನ್ನು ಆಡಿಸಿ. ನಮ್ಮ ಕಡೆಯ ಕೋಚುಗಳು ಎಂಬತ್ತನೆಯ ನಿಮಿಷದವರೆಗೆ ಕೈಕಟ್ಟಿ ನಿಂತು, ಆಮೇಲೆ ಒಬ್ಬನನ್ನು ಇಳಿಸಿ, ಅವನು ಎರಡು ಸಲ ಚೆಂಡು ಮುಟ್ಟಿದ ಮೇಲೆ "ಇವನಿಂದ ಆಗುವುದಿಲ್ಲ" ಎನ್ನುತ್ತಾರೆ.

ಇನ್ನು ಗೋಲ್‌ಕೀಪರ್. ಹೊರಗೆ ಓಡುವವರು ಮೂವತ್ತಲ್ಲ, ಮುನ್ನೂರು ಸಿಗುತ್ತಾರೆ. ಎರಡು ತಂಡಕ್ಕೆ ಕನಿಷ್ಠ ಮೂವರು ಕೀಪರುಗಳು ಬೇಕು. ನಿಮ್ಮಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ನೀವು ಬರೆದೇ ಇಲ್ಲ. ಅದರಿಂದಲೇ ಊಹಿಸಿದೆ.


ಪಿ.ಟಿ. ಟೀಚರ್, ತೋರಣಗಲ್ಲು

ಹಟ್ಟಿಯ ಸರ್ ಹೇಳಿದ್ದರಲ್ಲಿ ಅರ್ಧಕ್ಕೆ ನನ್ನ ಒಪ್ಪಿಗೆ ಇದೆ. ಪಂದ್ಯವಿಲ್ಲದೆ ತಂಡ ಕಟ್ಟಬಾರದು, ನಿಜ. ಆದರೆ ರಿಸರ್ವ್ ಎಂದು ಕರೆದ ಮಾತ್ರಕ್ಕೆ ಹುಡುಗರು ಓಡಿಹೋಗುತ್ತಾರೆ ಎನ್ನುವುದನ್ನು ನಾನು ನಂಬುವುದಿಲ್ಲ. ಮೇಲಿನ ತಂಡಕ್ಕೆ ಹೋಗುವ ದಾರಿ ಕಣ್ಣಿಗೆ ಕಾಣುತ್ತಿದ್ದರೆ ಕಾಯುತ್ತಾರೆ.

ನಮ್ಮ ಪಕ್ಕದಲ್ಲೇ, ವಿಜಯನಗರ ಟೌನ್‌ಶಿಪ್ಪಿನಲ್ಲಿ, ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ 2017ರಲ್ಲಿ ಆರಂಭವಾಯಿತು. ಅಲ್ಲಿಂದಾಗಿ ಆ ಕ್ಲಬ್ಬಿನ ಎರಡನೆಯ ತಂಡದ ಸುದ್ದಿಯನ್ನು ನಾನು ಮೊದಲ ತಂಡದ್ದಕ್ಕಿಂತ ಹೆಚ್ಚು ಓದುತ್ತೇನೆ. 2022ರಲ್ಲಿ ಗೋವಾದಲ್ಲಿ, ಕ್ಲಬ್ಬುಗಳ ಕಿರಿಯ ಆಟಗಾರರಿಗಾಗಿ, ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಮೊದಲ ಬಾರಿಗೆ ನಡೆಯಿತು. ಬೆಂಗಳೂರಿನ ಹುಡುಗರು ಗೆದ್ದರು, ಇಂಗ್ಲೆಂಡಿಗೆ ಹೋಗಿ ಪ್ರೀಮಿಯರ್ ಲೀಗ್ ಕ್ಲಬ್ಬುಗಳ ಕಿರಿಯರ ಎದುರು ಆಡಿ ಬಂದರು. ಆ ತಂಡದ ಶಿವಶಕ್ತಿ ನಾರಾಯಣನ್ ಅದೇ ಸೆಪ್ಟೆಂಬರಿನಲ್ಲಿ ಕೋಲ್ಕತ್ತದ ಡುರಾಂಡ್ ಕಪ್ ಫೈನಲ್ಲಿನಲ್ಲಿ ಮೊದಲ ತಂಡಕ್ಕೆ ಆಡಿ, ಹನ್ನೊಂದನೆಯ ನಿಮಿಷದಲ್ಲೇ ಗೋಲು ಹೊಡೆದ. ಬೆಂಗಳೂರು ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿತು. ಗೋವಾದ ಮೈದಾನಕ್ಕೂ ಆ ಫೈನಲ್ಲಿಗೂ ಕೆಲವೇ ತಿಂಗಳ ಅಂತರ.

ಇದು ದುಡ್ಡಿರುವ ಕ್ಲಬ್ಬಿನ ಮಾತು, ನಮಗೆಲ್ಲಿಯದು ಎನ್ನುತ್ತೀರಿ. ದುಡ್ಡು ಬೇಡದ ಒಂದು ಸಂಗತಿ ಅಲ್ಲಿದೆ. ರಿಸರ್ವ್ ತಂಡದ ಕೋಚ್ ಆಗಿದ್ದ ನೌಶಾದ್ ಮೂಸಾ ಅವರೇ 2021ರ ಜನವರಿಯಲ್ಲಿ, ಮುಖ್ಯ ಕೋಚ್ ಕಾರ್ಲೆಸ್ ಕ್ವಾದ್ರಾತ್ ಹೊರಟಾಗ, ಹಂಗಾಮಿಯಾಗಿ ಮೊದಲ ತಂಡದ ಹೊಣೆ ಹೊತ್ತರು. ಯಾವ ಹುಡುಗನ ಎಡಗಾಲು ಹೇಗೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಿಮ್ಮ ಎರಡನೆಯ ತಂಡಕ್ಕೆ ಬಿಡುವಾಗಿದ್ದಾರೆಂದು ಯಾರೋ ಹಳೆಯ ಆಟಗಾರರನ್ನು ಕೋಚ್ ಮಾಡಿ ಕೂರಿಸಬೇಡಿ. ಮೊದಲ ತಂಡದ ಕೋಚ್ ವಾರಕ್ಕೊಂದು ಸಂಜೆ ಎರಡನೆಯವರೊಂದಿಗೆ ಇರಲಿ, ಅವರ ಪಂದ್ಯಕ್ಕೆ ಬಂದು ನಿಲ್ಲಲಿ.

ಒಂದು ಎಚ್ಚರಿಕೆ. ದಾರಿ ಹುಡುಗನಿಗೆ ಇರಬೇಕು, ತಂಡಕ್ಕೆ ಇಲ್ಲದಿದ್ದರೂ ನಡೆಯುತ್ತದೆ. 2017-18ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕ್ಲಬ್ಬುಗಳ ರಿಸರ್ವ್ ತಂಡಗಳಿಗೆ ದೇಶದ ಇನ್ನೊಂದು ಲೀಗಾದ ಐ-ಲೀಗಿನ ಎರಡನೆಯ ಡಿವಿಜನ್ನಿನಲ್ಲಿ ಆಡಲು ಬಿಟ್ಟರು, ಮೇಲಿನ ಡಿವಿಜನ್ನಿಗೆ ಬಡ್ತಿ ಮಾತ್ರ ಇಲ್ಲ ಎಂದರು. ನೆದರ್ಲೆಂಡ್ಸಿನಲ್ಲಿ ಅಯಾಕ್ಸಿನ ಎರಡನೆಯ ತಂಡ 2018ರಲ್ಲಿ ಎರಡನೆಯ ಡಿವಿಜನ್ನನ್ನೇ ಗೆದ್ದಿತು, ಮೇಲಕ್ಕೆ ಹೋಗಲಿಲ್ಲ. ಹೋಗುವಂತಿರಲಿಲ್ಲ. ನಿಮ್ಮ ಅಧ್ಯಕ್ಷರಿಗೆ ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಎರಡನೆಯ ತಂಡದ ಕಪ್ಪಿನ ಆಸೆಗೆ ಮೊದಲ ತಂಡದವರನ್ನೇ ಇಳಿಸಿಬಿಡುತ್ತಾರೆ.

ಅಂದ ಹಾಗೆ, ಮೂವತ್ತಕ್ಕೂ ಹೆಚ್ಚು ಹುಡುಗರು ಎಂದಿರಿ. ಹುಡುಗಿಯರು ಎಷ್ಟು ಮಂದಿ?


ಹದಿನೆಂಟನೆಯ ಜೆರ್ಸಿ, ಗಂಗಾವತಿ

ಕಾಯುತ್ತಾರೆ ಎಂದು ಟೀಚರ್ ಬರೆದಿದ್ದಾರೆ. ನಾನು ಕಾಯ್ದವನು. ಕ್ಲಬ್ಬಿನ ಹೆಸರು ಬೇಡ, ಈಗ ಅದು ಇಲ್ಲ.

ಪ್ರತಿ ಪಂದ್ಯಕ್ಕೂ ಅಮ್ಮ ಜೆರ್ಸಿ ಇಸ್ತ್ರಿ ಮಾಡಿ ಕೊಡುತ್ತಿದ್ದಳು. ಇಸ್ತ್ರಿಯ ಮಡಿಕೆ ಮುರಿಯದೆ ವಾಪಸ್ಸು ತರುತ್ತಿದ್ದೆ. ಕೊನೆಕೊನೆಗೆ ಅದನ್ನು ಒಗೆಯುವುದನ್ನೂ ನಿಲ್ಲಿಸಿದಳು. ಎರಡನೆಯ ತಂಡ ಎಂದು ಹೆಸರಿಗೆ ಇತ್ತು. ವಾರಪೂರ್ತಿ ನಾಳೆ ಪಂದ್ಯ, ನಾಡಿದ್ದು ಪಂದ್ಯ ಎನ್ನುತ್ತಿದ್ದರು. ಎದುರು ತಂಡ ಬರುತ್ತಿರಲಿಲ್ಲ, ಇಲ್ಲವೇ ಮೈದಾನವನ್ನು ಮದುವೆಗೋ ಸಭೆಗೋ ಕೊಟ್ಟಿರುತ್ತಿದ್ದರು. ಮೊದಲ ತಂಡದಲ್ಲಿ ಯಾರಿಗಾದರೂ ಪೆಟ್ಟಾದಾಗ ನಮ್ಮಲ್ಲಿ ಒಬ್ಬರನ್ನು ಕರೆಯುವ ಬದಲು ಹೊಸಪೇಟೆಯಿಂದ ದುಡ್ಡು ಕೊಟ್ಟು ಆಟಗಾರನನ್ನು ಕರೆಸಿದರು. ಅಂದು ಬಿಟ್ಟೆ. ಈಗ ಅಕ್ಕಿ ಗಿರಣಿಯಲ್ಲಿ ತೂಕದ ಕೆಲಸ. ಸಂಜೆ ಮಕ್ಕಳೊಂದಿಗೆ ಆಡುತ್ತೇನೆ.

ಕಾರ್ಯದರ್ಶಿ ಅಣ್ಣ, ನಿಮ್ಮಲ್ಲಿ ಆಟ ಸಿಗದ ಹುಡುಗನನ್ನು ಬೇರೆ ಕ್ಲಬ್ಬಿಗೆ ಕಳಿಸಿಬಿಡಿ. ಒಂದು ಋತುವಿಗೆ ಅಷ್ಟೇ, ವಾಪಸ್ಸು ಬರುವ ಬಾಗಿಲು ತೆರೆದಿರಲಿ. ನಮ್ಮವನು ಹೋಗಿ ಅಲ್ಲಿ ಹೆಸರು ಮಾಡಿಬಿಟ್ಟರೆ ಎಂದು ಸಮಿತಿಯವರು ಹೊಟ್ಟೆ ಉರಿದುಕೊಳ್ಳುತ್ತಾರೆ. ಹೆಸರು ಮಾಡಲಿ ಬಿಡಿ.


ಕೌಲ್ ಬಜಾರ್ ಕಾರ್ಯದರ್ಶಿ, ಬಳ್ಳಾರಿ

ಎಲ್ಲರಿಗೂ ಧನ್ಯವಾದ. ಗಂಗಾವತಿಯ ತಮ್ಮ ಬರೆದದ್ದನ್ನು ಅಧ್ಯಕ್ಷರಿಗೆ ಓದಿ ಹೇಳಿದೆ. ದುಡ್ಡು ಕೊಟ್ಟು ಹೊರಗಿನವರನ್ನು ಕರೆಸುವ ಚಾಳಿ ಅವರಿಗೂ ಇದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹಟ್ಟಿಯ ಸರ್, ಪಂದ್ಯ ಎಣಿಸಿ ಎಂದಿರಿ, ಎಣಿಸಲು ಕುಳಿತೆ. ಮಾರ್ಚಿನಿಂದ ಮೇ ಕೊನೆಯವರೆಗೆ ನಮ್ಮೂರಿನಲ್ಲಿ ಹಗಲು ಆಡುವ ಮಾತೇ ಇಲ್ಲ. ಬೆಳಗ್ಗೆ ಆರಕ್ಕೆ ಸೀಟಿ ಊದಿದರೆ ಎಂಟರೊಳಗೆ ಮನೆಗೆ ಹೋಗಬೇಕು. ಹಬ್ಬದ ಆರ್ಡರಿನ ತಿಂಗಳುಗಳಲ್ಲಿ ಮೊದಲ ತಂಡವೇ ಇರುವುದಿಲ್ಲ. ಟೂರ್ನಿಗಳನ್ನು ನಂಬಿದರೆ ಎರಡನೆಯವರಿಗೆ ಒಂದು ಕೈಯ ಬೆರಳಿಗೂ ಸಾಲದಷ್ಟು ಪಂದ್ಯ. ಹಾಗಾಗಿ ಟೂರ್ನಿ ಬಿಟ್ಟು ಬ್ರೆಂಟ್‌ಫರ್ಡ್‌ನವರ ಹಾಗೆ ಸ್ನೇಹಪಂದ್ಯದ ದಾರಿ ಹಿಡಿಯೋಣ ಎಂದುಕೊಂಡಿದ್ದೇನೆ. ಹೊಸಪೇಟೆ, ಸಿರುಗುಪ್ಪ, ತೋರಣಗಲ್ಲು, ಈ ಮೂರು ಕಡೆ ನಮ್ಮಂಥವೇ ಕ್ಲಬ್ಬುಗಳಿವೆ, ಅವರಲ್ಲೂ ಆಟವಿಲ್ಲದ ಹುಡುಗರಿದ್ದಾರೆ. ಭಾನುವಾರ ನಸುಕಿನಲ್ಲಿ ಒಬ್ಬರು ಬರುವುದು, ಮುಂದಿನ ಬಾರಿ ನಾವು ಹೋಗುವುದು. ಬಂದವರಿಗೆ ಚಹಾ, ಮಂಡಕ್ಕಿ ಒಗ್ಗರಣೆ, ಮಿರ್ಚಿ. ಪ್ರವೇಶ ಶುಲ್ಕವಿಲ್ಲ. ಹೋಗುವುದು ರೈಲಿನಲ್ಲಿ ಅಥವಾ ಸರ್ಕಾರಿ ಬಸ್ಸಿನಲ್ಲಿ, ಕ್ರೂಸರ್ ಇಲ್ಲ. ಈ ಕೊನೆಯ ವಾಕ್ಯ ಕೇಳಿ ಖಜಾಂಚಿಯವರು ಮೊದಲ ಸಲ ಕನ್ನಡಕ ತೆಗೆದು ನನ್ನನ್ನು ನೋಡಿದರು.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಮಾತು ಒಪ್ಪಲಾರೆ, ಸರ್. ಎರಡು ಸರಿಸಾಟಿ ತಂಡ ಎಂಬುದು ಕೇಳಲು ಚೆಂದ. ನಿಮ್ಮ ಊರಿನಲ್ಲಿ ಕಾಲೊನಿಯವರೇ ಆಡಿ ಕಾಲೊನಿಯವರೇ ನೋಡುತ್ತಿದ್ದರು. ಇಲ್ಲಿ ಲೀಗಿನಲ್ಲಿ ಸೋತರೆ ಜೆರ್ಸಿಯ ಮೇಲೆ ತನ್ನ ಅಂಗಡಿಯ ಹೆಸರು ಹಾಕಿಸಿದ ಬಟ್ಟೆ ವ್ಯಾಪಾರಿ ಮುಂದಿನ ವರ್ಷ ಫೋನ್ ಎತ್ತುವುದಿಲ್ಲ. ಲೀಗಿಗೆ ಇದ್ದುದರಲ್ಲಿ ಒಳ್ಳೆಯ ಹನ್ನೊಂದು ಬೇಕೇ ಬೇಕು.

ಟೀಚರ್, ಹುಡುಗಿಯರು ಯಾರೂ ಇಲ್ಲ. ಕೇಳಿಕೊಂಡು ಯಾರೂ ಬಂದಿಲ್ಲ ಎಂದು ಬರೆಯಲು ಹೊರಟಿದ್ದೆ. ನಾವೂ ಯಾರನ್ನೂ ಕರೆದಿಲ್ಲ.


ಹಳೆಯ ಸೀಟಿ, ಹಟ್ಟಿ

ಒಳ್ಳೆಯ ಹನ್ನೊಂದನ್ನು ಇಟ್ಟುಕೊಳ್ಳಿ, ಯಾರು ಬೇಡವೆಂದರು? ಗುರುವಾರ ಸಂಜೆ ಎಲ್ಲರೆದುರಿಗೆ ಹೆಸರು ಓದಿ. ಭಾನುವಾರ ಬೆಳಗ್ಗೆ ಚೆನ್ನಾಗಿ ಆಡಿದವನ ಹೆಸರು ಮುಂದಿನ ಗುರುವಾರ ಆ ಪಟ್ಟಿಯಲ್ಲಿ ಬರದಿದ್ದರೆ ಯಾಕೆ ಎಂದು ಕೋಚ್ ಅವನಿಗೆ ಮುಖ ಕೊಟ್ಟು ಹೇಳಲಿ. ನಿಮ್ಮ ಬಟ್ಟೆ ವ್ಯಾಪಾರಿಗೆ ಇದರಿಂದ ನಷ್ಟವೇನೂ ಇಲ್ಲ.

ಹುಡುಗರನ್ನು ಬೇರೆ ಕ್ಲಬ್ಬಿಗೆ ಕಳಿಸುವುದಾದರೆ ಕಾಗದ ಸರಿಯಾಗಿರಲಿ. ಫಿಫಾ ನಿಯಮದಲ್ಲಿ ಒಬ್ಬ ಆಟಗಾರ ಒಂದು ಋತುವಿನಲ್ಲಿ ಮೂರು ಕ್ಲಬ್ಬುಗಳವರೆಗೆ ನೋಂದಾಯಿಸಿಕೊಳ್ಳಬಹುದು, ಆದರೆ ಸಾಮಾನ್ಯವಾಗಿ ಅಧಿಕೃತ ಪಂದ್ಯ ಆಡುವುದು ಎರಡಕ್ಕೆ ಮಾತ್ರ. ಜಿಲ್ಲೆಯಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ ಎನ್ನಬೇಡಿ. ಸೋತ ತಂಡದವರು ನೋಡುತ್ತಾರೆ. ಮತ್ತು ಟೂರ್ನಿಗೆ ಹೆಸರು ಕೊಡುವಾಗ ಅನುಮತಿ ಇದ್ದಷ್ಟೂ ಹೆಸರು ಕೊಡಿ, ಹದಿನೆಂಟಕ್ಕೇ ನಿಲ್ಲಿಸಬೇಡಿ. ನಿಮ್ಮ ದೀಪಾವಳಿಯ ಗೋಳಿಗೆ ಅರ್ಧ ಮದ್ದು ಅಲ್ಲೇ ಇತ್ತು.

ಕೀಪರಿನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.


ಕೌಲ್ ಬಜಾರ್ ಕಾರ್ಯದರ್ಶಿ, ಬಳ್ಳಾರಿ

ಸಭೆ ಮುಗಿಯಿತು. ಆರು ತಿಂಗಳು ನಡೆಸಿ ನೋಡಲು ಒಪ್ಪಿದ್ದಾರೆ. ಟೂರ್ನಿಗೆ ಒಂದೇ ತಂಡ, ಭಾನುವಾರದ ಪಂದ್ಯಗಳಿಗೆ ಮಿಕ್ಕವರು, ಇಬ್ಬರಿಗೂ ಒಬ್ಬರೇ ಕೋಚ್. ಜೆರ್ಸಿ ಹೊಸದಲ್ಲ, ಹಳೆಯದನ್ನೇ ಬಣ್ಣ ಹಾಕಿಸಿಕೊಡುತ್ತೇವೆ ಎಂದು ವಾಷಿಂಗ್ ಘಟಕದ ಹುಡುಗರು ಹೇಳಿದ್ದಾರೆ. ಸಿರುಗುಪ್ಪದವರು ಬರಲು ಒಪ್ಪಿದ್ದಾರೆ. ಹೊಸಪೇಟೆಯವರು ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ, ಅಂದರೆ ಇಲ್ಲ ಎಂದೇ ಅರ್ಥ. ಕೊಪ್ಪಳದ ಕಡೆ ಯಾರಾದರೂ ಇದ್ದರೆ ತಿಳಿಸಿ.

ಸರ್, ಕೀಪರ್ ಇರುವುದು ಒಬ್ಬನೇ. ಅವನಿಗೂ ಕಾಜಾ ಹಾಕುವ ಮಶೀನಿನ ಕೆಲಸ, ಹಬ್ಬಕ್ಕೆ ಸಿಗುವುದಿಲ್ಲ. ಎತ್ತರ ಇರುವ, ಬೆಳಗ್ಗೆ ಐದಕ್ಕೆ ಏಳುವ ಯಾರಾದರೂ ನಿಮ್ಮ ಕಣ್ಣಿಗೆ ಬಿದ್ದರೆ ಕಳಿಸಿ. ಗ್ಲೌಸು ನಮ್ಮದೇ.